ಮೊಣಕಾಲಿನ ಗಾಯಕ್ಕೆ ಪಿಂಚಣಿ ಸಿಗಲಿಲ್ಲವೇ? ಮೇಲ್ಮನವಿ ಹೀಗೆ ಹಾಕಿ

ಸೇನೆಯಿಂದ ನಿವೃತ್ತರಾಗಿ ಧಾರವಾಡ, ಗದಗ, ಹಾವೇರಿಯ ಹಳ್ಳಿಗಳಿಗೆ ಮರಳಿದ ಕೆಲವರಿಗೆ ಮೊಣಕಾಲು ಮಡಚಿ ನೆಲಕ್ಕೆ ಕೂಡಲು ಆಗುವುದಿಲ್ಲ. ಆದರೂ ಅಂಗವೈಕಲ್ಯ ಪಿಂಚಣಿ ತಿರಸ್ಕಾರವಾಗಿರುತ್ತದೆ. ಪತ್ರ ನೋಡಿ ಕೈಚೆಲ್ಲಬೇಡಿ.

ಮೊದಲು ಬಿಡುಗಡೆ ವೇಳೆಯ ಮೆಡಿಕಲ್ ಬೋರ್ಡ್ (ಸೇನಾ ವೈದ್ಯರ ಮಂಡಳಿ) ಕಾಗದ, ಅಂದರೆ ಎಎಫ್‌ಎಂಎಸ್‌ಎಫ್-16, ತೆಗೆದು ಓದಿ. ಇಲ್ಲದಿದ್ದರೆ ನಿಮ್ಮ ಸೇವಾ ದಾಖಲೆ ಇಡುವ ರೆಕಾರ್ಡ್ ಆಫೀಸಿಗೆ 10 ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು ಮಾಹಿತಿ ಹಕ್ಕಿನಡಿ ಕೇಳಿ. ಮರಾಠಾ ಲೈಟ್ ಇನ್‌ಫೆಂಟ್ರಿಯವರಿಗೆ ಅದು ಬೆಳಗಾವಿಯಲ್ಲೇ ಇದೆ.

ಕಾಗದದಲ್ಲಿ ಎರಡು ವಿಷಯ ನೋಡಬೇಕು. ಗಾಯ ಸೇವೆಯಿಂದ ಆಗಿದೆ ಅಥವಾ ಸೇವೆಯಿಂದ ಹೆಚ್ಚಾಗಿದೆ ಎಂದು ಒಪ್ಪಿದ್ದಾರಾ? ಅಂಗವೈಕಲ್ಯ ಶೇಕಡಾ ಎಷ್ಟು ಹಾಕಿದ್ದಾರೆ? ಜಗಳ ಯಾವುದರ ಮೇಲೆ ಎಂದು ಇಲ್ಲೇ ತೀರ್ಮಾನಿಸಿ. 2023ರ ಸೆಪ್ಟೆಂಬರ್ 21ರಿಂದ ನಿಯಮ ಬದಲಾಗಿದೆ. ಅದಕ್ಕೂ ಮೊದಲು ನಿವೃತ್ತರಾದವರ ಲೆಕ್ಕ ಹೀಗಿದೆ: ಕನಿಷ್ಠ ಶೇ 20 ಇರಬೇಕು. 20ರಿಂದ 49ರವರೆಗೆ ಎಷ್ಟಿದ್ದರೂ 50 ಎಂದೇ ಲೆಕ್ಕ. 50ರಿಂದ 75 ಇದ್ದರೆ 75. ಪೂರ್ಣ 100ಕ್ಕೆ ಕೊನೆಯ ವೇತನದ ಶೇ 30 ಸಿಗುತ್ತದೆ. ಹಾಗಾಗಿ 40,000 ವೇತನವಿದ್ದವರಿಗೆ 100ಕ್ಕೆ 12,000; ಶೇ 20 ಇದ್ದರೂ ಅದರ ಅರ್ಧ 6,000 ರೂಪಾಯಿ, 40 ಇದ್ದರೂ ಅಷ್ಟೇ! ಶೇ 20 ಇದ್ದವರು 40 ಮಾಡಿಸಲು ಸುಮ್ನೆ ಶ್ರಮಪಡಬೇಡಿ. ಆದರೆ 15 ಎಂದು ಬರೆದಿದ್ದರೆ ಬಿಡಲೇಬೇಡಿ.

ಇನ್ನು ಪುರಾವೆ. ಗಾಯವಾದಾಗ ಯೂನಿಟ್‌ನಲ್ಲಿ ಬರೆದ ಇಂಜುರಿ ರಿಪೋರ್ಟ್ ಎಲ್ಲಕ್ಕಿಂತ ಮುಖ್ಯ. ದಿನಾಂಕ, ಜಾಗ, ಕಮಾಂಡಿಂಗ್ ಆಫೀಸರ್ ಸಹಿ ಇರಲಿ. ಯೂನಿಟ್ ಏರ್ಪಡಿಸಿದ ಆಟದಲ್ಲಿ ಬಿದ್ದಿದ್ದರೂ ಅದು ಡ್ಯೂಟಿಯೇ. ಸೇರುವಾಗ ಆರೋಗ್ಯವಾಗಿದ್ದಿರಿ ಎಂಬ ದಾಖಲೆಯೂ ನಿಮ್ಮ ಪರ. 2013ರ ಧರಮ್‌ವೀರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿದಿದೆ. ಬರೀ ‘ನೋವಿದೆ’ ಎಂಬ ಚೀಟಿ ಸಾಲದು. ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್) ಅಂಥ ಆಸ್ಪತ್ರೆಯ ಮೂಳೆ ವೈದ್ಯರಿಂದ ಮೊಣಕಾಲು ಎಷ್ಟು ಡಿಗ್ರಿ ಮಡಚುತ್ತದೆ, ಎಷ್ಟು ನೇರವಾಗುತ್ತದೆ ಎಂದು ಅಳೆಸಿ ಬರೆಸಿಕೊಳ್ಳಿ. ಎಂಆರ್‌ಐ ಇದ್ದರೆ ಜೊತೆಗಿಡಿ.

ತಿರಸ್ಕಾರ ಪತ್ರ ಬಂದ ಆರು ತಿಂಗಳೊಳಗೆ ರೆಕಾರ್ಡ್ ಆಫೀಸಿನ ಮೂಲಕ ಮೊದಲ ಮೇಲ್ಮನವಿ ಹಾಕಿ. ಒಂದೇ ಪುಟ ಸಾಕು. ಬೋರ್ಡ್ ಬರೆದ ಕಾರಣ, ಅದು ಏಕೆ ತಪ್ಪು, ಪುರಾವೆ ಯಾವುದು, ಇಷ್ಟೇ. ಸ್ಪೀಡ್ ಪೋಸ್ಟ್ ರಸೀದಿ ಜೋಪಾನ. ಬರೆಯಲು ಕಷ್ಟವಾದರೆ ಧಾರವಾಡದ ಸೈನಿಕ ಕಲ್ಯಾಣ ಕಚೇರಿಯಲ್ಲಿ ಕೇಳಿ, ಅದು ನಿಮಗಾಗಿಯೇ ಇರುವುದು ಅಲ್ವಾ? ಮೊದಲ ಮೇಲ್ಮನವಿಯೂ ತಿರಸ್ಕಾರವಾದರೆ ಮತ್ತೆ ಆರು ತಿಂಗಳೊಳಗೆ ಎರಡನೇ ಮೇಲ್ಮನವಿ. ಅದೂ ತಿರಸ್ಕಾರವಾದರೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. ಗಡುವು ಮೀರಿದ್ದರೆ ತಡವಾದ ಕಾರಣವನ್ನು ಅರ್ಜಿಯಲ್ಲೇ ಬರೆದು, ಕ್ಷಮಿಸಲು ಕೋರಿ.