ಹಾರ್ನಿ ಕೌಂಟಿಗೆ ಬಂದಿಳಿದ ಕನ್ನಡಿಗರಿಗೆ: ಆಸ್ಪತ್ರೆ, ದಾರಿ, ನೀರು, ಹೊಗೆ

ಕೆಲಸದ ಪತ್ರದಲ್ಲಿ "ಬರ್ನ್ಸ್, ಒರೆಗಾನ್" ಅಂತ ಓದಿ ಮ್ಯಾಪ್ ತೆರೆದವರಿಗೆ ಮೊದಲು ಕಾಣುವುದು ಖಾಲಿ ಜಾಗ. ಹೌದು, ಖಾಲಿಯೇ. ಹಾರ್ನಿ ಕೌಂಟಿಯ ವಿಸ್ತಾರ 10,000 ಚದರ ಮೈಲಿಗೂ ಹೆಚ್ಚು, ಹೆಚ್ಚೂಕಡಿಮೆ ಎರಡು ಬೆಳಗಾವಿ ಜಿಲ್ಲೆಯಷ್ಟು. 2020ರ ಜನಗಣತಿಯಲ್ಲಿ ಇಷ್ಟೂ ನೆಲದಲ್ಲಿ ಸಿಕ್ಕವರು 7,495 ಜನ. ನಮ್ಮ ಕಡೆ ಒಂದು ಹೋಬಳಿಯ ಜಾತ್ರೆಗೆ ಇದಕ್ಕಿಂತ ಹೆಚ್ಚು ಸೇರುತ್ತಾರೆ. ಅವರಲ್ಲೂ ಅರ್ಧಕ್ಕಿಂತ ಹೆಚ್ಚಿನವರು ಬರ್ನ್ಸ್ ಮತ್ತು ಅದಕ್ಕೆ ಅಂಟಿಕೊಂಡ ಹೈನ್ಸ್‌ನಲ್ಲೇ ಇದ್ದಾರೆ.

ಇಂಥ ಕೌಂಟಿಗಳಿಗೆ ನಮ್ಮವರು ಬರುವ ಒಂದು ದಾರಿ ವೈದ್ಯವೃತ್ತಿ. ಜೆ-1 ವೀಸಾದಲ್ಲಿ ತರಬೇತಿ ಮುಗಿಸಿದವರು ವೈದ್ಯರ ಕೊರತೆಯಿರುವ ಕಡೆ ಮೂರು ವರ್ಷ ದುಡಿದರೆ, ಎರಡು ವರ್ಷ ಭಾರತಕ್ಕೆ ವಾಪಸ್ ಹೋಗಬೇಕೆಂಬ ಷರತ್ತಿಗೆ ವಿನಾಯಿತಿ ಸಿಗುತ್ತದೆ. ಆಸ್ಪತ್ರೆಗೆ ಹೋಗುವವರಿಗೆ ಆ ಮೂರು ವರ್ಷ ಬೇಗ ಕಳೆಯುತ್ತದೆ. ಮನೆಯಲ್ಲಿರುವವರಿಗಾಗಿಯೇ ಇದನ್ನು ಬರೆಯುತ್ತಿರುವುದು.

ಆಸ್ಪತ್ರೆ ಒಂದೇ

ಇಡೀ ಕೌಂಟಿಗೆ ಇರುವುದು ಬರ್ನ್ಸ್‌ನ ಹಾರ್ನಿ ಡಿಸ್ಟ್ರಿಕ್ಟ್ ಹಾಸ್ಪಿಟಲ್ ಒಂದೇ. ಅದು 'ಕ್ರಿಟಿಕಲ್ ಆಕ್ಸೆಸ್' ದರ್ಜೆಯದು. ಅಂದರೆ 25 ಹಾಸಿಗೆ ಮೀರುವಂತಿಲ್ಲ, ಒಳರೋಗಿಗಳ ವಾಸ ಸರಾಸರಿ 96 ಗಂಟೆ ದಾಟುವಂತಿಲ್ಲ, ಆದರೆ ತುರ್ತು ವಿಭಾಗ ಹಗಲೂ ರಾತ್ರಿ ತೆರೆದಿರಬೇಕು. ಎದೆನೋವು, ಮಗುವಿಗೆ ಉಸಿರಾಟದ ತೊಂದರೆ, ಮೂಳೆ ಮುರಿತ ಏನೇ ಇರಲಿ, 911ಕ್ಕೆ ಕರೆ ಮಾಡಿ ಮೊದಲು ಇಲ್ಲಿಗೇ. ಸ್ಟೆಂಟ್ ಹಾಕುವುದು, ದೊಡ್ಡ ಶಸ್ತ್ರಚಿಕಿತ್ಸೆ ಇಂಥವಕ್ಕೆ ಸ್ಥಿತಿ ಸುಧಾರಿಸಿ ಪಶ್ಚಿಮದ ಬೆಂಡ್ ಊರಿಗೋ ಪಕ್ಕದ ಐಡಾಹೊ ರಾಜ್ಯದ ಬಾಯ್ಸಿಗೋ ಕಳಿಸುತ್ತಾರೆ. ಬೆಂಡ್ 130 ಮೈಲಿ, ಬಾಯ್ಸಿ 180ಕ್ಕೂ ಹೆಚ್ಚು.

ಕಳಿಸುವುದು ಎಷ್ಟೋ ಸಲ ವಿಮಾನದಲ್ಲೋ ಹೆಲಿಕಾಪ್ಟರಿನಲ್ಲೋ. 2022ರ ಜನವರಿಯಿಂದ ಜಾರಿಯಲ್ಲಿರುವ ಕೇಂದ್ರದ ಕಾನೂನಿನಿಂದಾಗಿ, ಇನ್ಶೂರೆನ್ಸ್ ಇದ್ದವರಿಗೆ ಏರ್ ಆಂಬುಲೆನ್ಸಿನವರು ಮನಬಂದಂತೆ ಬಿಲ್ ಕಳಿಸುವಂತಿಲ್ಲ. ರಸ್ತೆಯ ಆಂಬುಲೆನ್ಸ್ ಆ ಕಾನೂನಿನಡಿ ಬರುವುದಿಲ್ಲ. ನಿಮ್ಮ ಪಾಲಿನ ಡಿಡಕ್ಟಿಬಲ್ (ಇನ್ಶೂರೆನ್ಸಿನವರು ಕೊಡುವ ಮೊದಲು ನೀವೇ ಕಟ್ಟಬೇಕಾದ ಮೊತ್ತ) ಹೇಗೂ ತಪ್ಪುವುದಿಲ್ಲವಾದ್ದರಿಂದ ಇಲ್ಲಿನ ಬಹಳ ಮಂದಿ ಏರ್ ಆಂಬುಲೆನ್ಸ್‌ನ ವಾರ್ಷಿಕ ಸದಸ್ಯತ್ವ ಮಾಡಿಸಿಕೊಳ್ಳುತ್ತಾರೆ. ನೀವೂ ಮಾಡಿಸಿ. ಇದರಲ್ಲಿ ಜಿಪುಣತನ ಬೇಡ.

ಫ್ಯಾಮಿಲಿ ಡಾಕ್ಟರ್ ಬಳಿ ಹೆಸರು ನೋಂದಾಯಿಸುವುದು ಬಂದ ಮೊದಲ ವಾರದ ಕೆಲಸ. ಜ್ವರ ಬಂದಮೇಲೆ ಹುಡುಕುವುದಲ್ಲ. ಗರ್ಭಿಣಿಯರಿದ್ದರೆ ಹೆರಿಗೆ ಎಲ್ಲಿ, ಕೊನೆಯ ವಾರಗಳಲ್ಲಿ ಎಲ್ಲಿ ಉಳಿಯುವುದು ಎಂಬುದನ್ನು ಐದನೇ ತಿಂಗಳಲ್ಲೇ ಡಾಕ್ಟರ ಜೊತೆ ಕೂತು ತೀರ್ಮಾನಿಸಿ. ಜನವರಿಯ ಹಿಮದಲ್ಲಿ ನೋವು ಶುರುವಾದಾಗ ಯೋಚಿಸಲು ಪುರುಸೊತ್ತು ಇರುವುದಿಲ್ಲ.

ಪೂರ್ವಕ್ಕೆ ಒರೆಗಾನ್‌ನದೇ ಊರಾದ ಒಂಟಾರಿಯೊ ಕಡೆ ತಜ್ಞರನ್ನು ನೋಡಲು ಹೋಗುವವರು ಗಡಿಯಾರ ನೋಡಿಕೊಳ್ಳಿ. ನಾವು ಪೆಸಿಫಿಕ್ ಸಮಯ, ಪಕ್ಕದ ಮ್ಯಾಲ್ಯೂರ್ ಕೌಂಟಿಯ ಬಹುಭಾಗ ಮೌಂಟನ್ ಸಮಯ, ಒಂದು ಗಂಟೆ ಮುಂದೆ. ಬಂದ ವರ್ಷ ನಾನು 11ರ ಅಪಾಯಿಂಟ್‌ಮೆಂಟಿಗೆ ಎಂಟಕ್ಕೇ ಹೊರಟು, ಹತ್ತೂಕಾಲಿಗೆ ತಲುಪಿ, ಹೆಮ್ಮೆಯಿಂದ ಫ್ಲಾಸ್ಕಿನ ಕಾಫಿ ಕುಡಿದು ಒಳಗೆ ಹೋದೆ. ಗೋಡೆಯ ಗಡಿಯಾರ ಹನ್ನೊಂದೂವರೆ ತೋರಿಸುತ್ತಿತ್ತು. ಮುಂದಿನ ದಿನಾಂಕ ಸಿಕ್ಕಿದ್ದು ಆರು ವಾರದ ನಂತರ.

ಊರಿಂದ ಬರುವ ಹಿರಿಯರು

ನಮ್ಮತ್ತೆ ಹಾಸನದಿಂದ ಬಂದಾಗ ಬಿಪಿ ಮಾತ್ರೆಗಳನ್ನು ಪಟ್ಟಿಯಿಂದ ಬಿಡಿಸಿ ಒಂದು ಹಾರ್ಲಿಕ್ಸ್ ಡಬ್ಬಿಗೆ ತುಂಬಿಕೊಂಡಿದ್ದರು. "ಅಲ್ಲಿ ಮೆಡಿಕಲ್ ಶಾಪ್ ಇರಲ್ವೇನೇ?" ಅಂದರು. ಇದೆ. ಆದರೆ ಹಾಸನದ ಚೀಟಿ ಇಲ್ಲಿ ನಡೆಯುವುದಿಲ್ಲ, ಬ್ರ್ಯಾಂಡ್ ಹೆಸರೂ ಗುರುತು ಸಿಗುವುದಿಲ್ಲ. ಒಂದು ಶುಕ್ರವಾರ ಸಂಜೆ ಡಬ್ಬಿ ಖಾಲಿಯಾದಾಗ ಅರ್ಥವಾಯಿತು. ಮಾತ್ರೆಗಳು ಮೂಲ ಪ್ಯಾಕಿನಲ್ಲೇ ಇರಲಿ, 90 ದಿನದಷ್ಟು ಇರಲಿ, ಔಷಧದ ಮೂಲ ಹೆಸರು ಬರೆದ ಚೀಟಿ ಜೊತೆಗಿರಲಿ. ಪ್ರಯಾಣದ ಇನ್ಶೂರೆನ್ಸ್ ಕೊಳ್ಳುವಾಗ ಹಳೆಯ ಸಕ್ಕರೆ ಕಾಯಿಲೆ, ಹೃದಯದ ತೊಂದರೆಗೆ ಎಷ್ಟರಮಟ್ಟಿಗೆ ಕೊಡುತ್ತಾರೆ ಎಂಬ ಸಣ್ಣಕ್ಷರದ ಸಾಲನ್ನು ಓದಿ.

ನೀರು, ಗಾಳಿ

ಬರ್ನ್ಸ್ ಮಡಿಕೇರಿಗಿಂತ ಸ್ವಲ್ಪ ಎತ್ತರದಲ್ಲಿದೆ, ಆದರೆ ಮಳೆ ವರ್ಷಕ್ಕೆ 11 ಅಂಗುಲದ ಆಸುಪಾಸು. ತುಟಿ ಒಡೆಯುತ್ತದೆ, ಮಕ್ಕಳಿಗೆ ಮೂಗಿನಲ್ಲಿ ರಕ್ತ ಬರುತ್ತದೆ. ರಾತ್ರಿ ಕೋಣೆಯಲ್ಲಿ ಹ್ಯುಮಿಡಿಫೈಯರ್, ಮೈಗೆ ಕೊಬ್ಬರಿ ಎಣ್ಣೆ, ಅಷ್ಟೇ.

ಊರಿನ ಹೊರಗೆ ಬೋರ್‌ವೆಲ್ ಇರುವ ಮನೆ ಹಿಡಿಯುವವರಿಗೆ ಮಾತ್ರ ಒಂದು ಗಂಭೀರ ಮಾತು. ಈ ಬಯಲಿನ ಕೆಲವು ಬೋರ್‌ಗಳ ನೀರಿನಲ್ಲಿ ಆರ್ಸೆನಿಕ್ ಇದೆ. ನೀರು ಕಾಯಿಸಿ ಕುಡಿಯುವ ನಮ್ಮ ಅಭ್ಯಾಸ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಕುದಿಸಿದರೆ ಆರ್ಸೆನಿಕ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಗಟ್ಟಿಯಾಗುತ್ತದೆ. ಒರೆಗಾನ್‌ನಲ್ಲಿ ಬೋರ್ ಇರುವ ಮನೆ ಮಾರುವವರು ಆರ್ಸೆನಿಕ್, ನೈಟ್ರೇಟ್, ಕೋಲಿಫಾರ್ಮ್ ಬ್ಯಾಕ್ಟೀರಿಯಾ ಪರೀಕ್ಷೆ ಮಾಡಿಸಬೇಕೆಂಬ ಕಾನೂನಿದೆ. ಬಾಡಿಗೆಗೆ ಹೋಗುವವರೂ ಲ್ಯಾಬ್ ವರದಿ ಕೇಳಿ. ಲೀಟರಿಗೆ 10 ಮೈಕ್ರೋಗ್ರಾಂ ದಾಟಿದ್ದರೆ ಕುಡಿಯಲು, ಅಡುಗೆಗೆ ಆರ್‌ಒ ಹಾಕಿಸಲೇಬೇಕು.

ಹೊಗೆ ವರ್ಷಕ್ಕೆ ಎರಡು ಸಲ. ಚಳಿಗಾಲದಲ್ಲಿ ಸೌದೆ ಒಲೆಗಳ ಹೊಗೆ ತಗ್ಗಿನಲ್ಲಿ ಕೂತುಬಿಡುತ್ತದೆ. ಬೇಸಿಗೆಯಲ್ಲಿ ಕಾಡ್ಗಿಚ್ಚು: 2024ರ ಜುಲೈನ 'ಫಾಲ್ಸ್ ಫೈರ್' ಬರ್ನ್ಸ್ ವಾಯವ್ಯಕ್ಕೆ ಸುಮಾರು 1,50,000 ಎಕರೆ ಸುಟ್ಟಿತು. ಅಸ್ತಮಾ ಇರುವವರ ಮನೆಯಲ್ಲಿ ಗಾಳಿ ಶುದ್ಧೀಕರಣದ ಯಂತ್ರ ಮತ್ತು ಎನ್-95 ಮಾಸ್ಕ್ ಜೂನ್ ಹೊತ್ತಿಗೇ ಇರಬೇಕು. ಹಾಗೆಯೇ ಒಗ್ಗರಣೆಗೆ ಕೂಗುತ್ತದೆಂದು ಹೊಗೆ, ವಿಷಾನಿಲ ಪತ್ತೆಹಚ್ಚುವ ಅಲಾರ್ಮಿನ ಬ್ಯಾಟರಿ ತೆಗೆಯಬೇಡಿ. ಕಿಟಕಿ ಮುಚ್ಚಿ ಒಲೆ ಉರಿಸುವ ಊರಿದು, ಒಲೆಯಿಂದ ಬರುವ ವಿಷಾನಿಲ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ.

ದಾರಿ ಮತ್ತು ಮನಸ್ಸು

ಬೆಂಡ್ ರಸ್ತೆಯಲ್ಲಿ ಮೈಲಿಗಟ್ಟಲೆ ಸಿಗ್ನಲ್ ಇರುವುದಿಲ್ಲ. ಕಾರಿನಲ್ಲಿ ಕಂಬಳಿ, ನೀರು, ಸಲಿಕೆ, ಚುರುಮುರಿ ಇರಲಿ. ಟ್ಯಾಂಕ್ ಅರ್ಧಕ್ಕಿಂತ ಇಳಿಯದಿರಲಿ. ಹೊತ್ತು ಮುಳುಗುವಾಗ ಜಿಂಕೆಗಳು ರಸ್ತೆಗೆ ಬರುತ್ತವೆ. ಒಂದು ದಾಟಿದರೆ ಹಿಂದೆ ಇನ್ನೆರಡು ಇವೆ ಎಂದೇ ತಿಳಿಯಿರಿ.

ಮೊದಲ ನವೆಂಬರ್ ಕಷ್ಟ. ನಾಲ್ಕೂವರೆಗೆ ಕತ್ತಲು, ಮಾತಿಗೆ ಯಾರೂ ಇಲ್ಲ. ಮನಸ್ಸು ತೀರಾ ಕುಗ್ಗಿದರೆ 988ಕ್ಕೆ ಕರೆ ಮಾಡಿ ಅಥವಾ ಡಾಕ್ಟರಿಗೆ ಹೇಳಿ. ಆದರೆ ನೆನಪಿರಲಿ, ಇಷ್ಟು ಸಣ್ಣ ಊರಿನಲ್ಲಿ ಡಾಕ್ಟರು ನಿಮ್ಮ ಮನೆಯವರ ಸಹೋದ್ಯೋಗಿಯೇ ಆಗಿರಬಹುದು. ಸಂಕೋಚವಾದರೆ ವಿಡಿಯೋದಲ್ಲಿ ಹೊರಗಿನ ಸಲಹೆಗಾರರನ್ನು ಕೇಳಿ. ಎದುರು ಬರುವ ಪಿಕಪ್‌ನವರು ಸ್ಟೀರಿಂಗ್ ಮೇಲಿಂದ ಒಂದು ಬೆರಳು ಎತ್ತುತ್ತಾರೆ. ಅದು ಇಲ್ಲಿನ ನಮಸ್ಕಾರ, ನೀವೂ ಎತ್ತಿ. "ನಾವು ಇಂಡಿಯನ್ಸ್" ಅನ್ನುವ ಬದಲು "ಇಂಡಿಯಾದಿಂದ ಬಂದವರು" ಅನ್ನಿ, ಯಾಕೆಂದರೆ ಇದು ಬರ್ನ್ಸ್ ಪಯೂಟ್ ಎಂಬ ಮೂಲನಿವಾಸಿಗಳ ನೆಲ, ಇಲ್ಲಿ "ಇಂಡಿಯನ್ಸ್" ಅಂದರೆ ಅವರೇ. ಏಪ್ರಿಲ್‌ನಲ್ಲಿ ವಲಸೆ ಹಕ್ಕಿಗಳ ಹಬ್ಬಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಿ. ಗದ್ದೆಯಂಥ ನೀರಿನಲ್ಲಿ ಕ್ರೇನ್ ಹಕ್ಕಿಗಳು ಕುಣಿಯುವುದನ್ನು ನೋಡಿದ ದಿನವೇ ನಮ್ಮ ಮಗಳು "ವಾಪಸ್ ಹೋಗೋಣ" ಅನ್ನುವುದನ್ನು ನಿಲ್ಲಿಸಿದ್ದು.

ಬಂದ ವಾರವೇ ನಮ್ಮ ಕನ್ನಡ ಕೂಟಕ್ಕೆ ಒಂದು ಮೆಸೇಜ್ ಹಾಕಿ. ತಿಂಗಳಿಗೊಮ್ಮೆ ಬಾಯ್ಸಿಗೆ ಹೋಗುವವರ ಕಾರಿನಲ್ಲಿ ತೊಗರಿಬೇಳೆ, ಕರಿಬೇವು, ದೋಸೆ ಅಕ್ಕಿ ತರಿಸಿಕೊಡುತ್ತೇವೆ. ಐಸ್‌ಬಾಕ್ಸ್ ನಿಮ್ಮದೇ ಕೊಡಬೇಕು, ಕೂಟದ್ದು ಹೋದ ದೀಪಾವಳಿಗೆ ಯಾರೋ ತೆಗೆದುಕೊಂಡು ಹೋದದ್ದು ಇನ್ನೂ ವಾಪಸ್ ಬಂದಿಲ್ಲ.