ಮೂಳೆಯಲ್ಲಿ ಕೇಳುವ ಹೆಡ್‌ಫೋನು: ಎರಡು ಸಲ ದುಡ್ಡು ಕಳೆದುಕೊಂಡ ಮೇಲೆ

‘ಅದು ಆಟದ ಸಾಮಾನು, ವಾರ ಹಾಕಿ ಮೂಲೆಗೆ ಎಸೀತೀಯ’ ಅಂದವರೇ ಜಾಸ್ತಿ. ಎರಡು ವರ್ಷದ ಹತ್ತಿರ ಆಯ್ತು. ದಿನಕ್ಕೆ ಒಂದೂವರೆ ಗಂಟೆ ಸೈಕಲ್ ಮೇಲೆ, ಆಮೇಲೆ ಪಾತ್ರೆ ತೊಳೆಯುವಾಗ ಸ್ವಲ್ಪ ಹೊತ್ತು, ಕೆನ್ನೆಯ ಮೂಳೆ ಅದುರಿಸಿ ಸದ್ದನ್ನು ಒಳಗಿವಿಗೆ ಕಳಿಸುವ ಬೋನ್ ಕಂಡಕ್ಷನ್ ಹೆಡ್‌ಫೋನು ನನ್ನ ಕೆನ್ನೆಗೆ ಅಂಟಿಕೊಂಡೇ ಇರುತ್ತದೆ. ಇಯರ್‌ಬಡ್ ಹಾಕಿದರೆ ಕಿವಿಯೊಳಗೆ ಬೆವೆತು ತುರಿಕೆ ಬರುತ್ತಿತ್ತು. ವರ್ಷಕ್ಕೆ ಎರಡು ಮೂರು ಸಲ ಕಿವಿಗೆ ಹನಿ ಹಾಕಿಸಿಕೊಳ್ಳಬೇಕಿತ್ತು. ಆ ಕಾಟ ಈಗ ಇಲ್ಲ.

ಆದರೆ ಇಲ್ಲಿಗೆ ಬರುವಷ್ಟರಲ್ಲಿ ಎರಡು ಸೆಟ್ ದುಡ್ಡು ನೀರಿಗೆ ಹೋಯ್ತು.

ಮೊದಲು ತಂದದ್ದು ಅಗ್ಗದ್ದು. ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಬೋನ್ ಕಂಡಕ್ಷನ್ ಅಂತಲೇ ಇತ್ತು. ಮೂರು ವಾರ ಖುಷಿಯಿಂದ ಬಳಸಿದೆ. ಒಂದು ದಿನ ಪಕ್ಕದಲ್ಲೇ ಯಾರೋ ಗೋಡೆಗೆ ಡ್ರಿಲ್ ಹಾಕಿದರು. ಎರಡೂ ಕಿವಿಗೆ ಬೆರಳಿಟ್ಟೆ. ಡ್ರಿಲ್ ಸದ್ದಿನ ಜೊತೆ ಹಾಡೂ ಮಾಯ! ಆಗ ತಲೆಗೆ ಹೊಳೀತು. ಅಸಲಿ ಮಾಲಾದರೆ ಕಿವಿ ಮುಚ್ಚಿದಾಗ ದನಿ ಇಳಿಯಬಾರದು, ಏರಬೇಕು. ಇದನ್ನು ಮಾಡಿದವರು ಪುಟ್ಟ ಸ್ಪೀಕರ್ ಕೂರಿಸಿ ಅದರ ಬಾಯನ್ನು ಕಿವಿ ಕಡೆ ತಿರುಗಿಸಿದ್ದರು, ಅಷ್ಟೆ. ಈಗ ಯಾರು ಹೊಸದು ತೋರಿಸಿದರೂ ನಾನು ಮೊದಲು ಮಾಡುವುದು ಇದೇ ಬೆರಳಿನ ಪರೀಕ್ಷೆ. ಐದು ಸೆಕೆಂಡ್ ಕೆಲಸ.

ಎರಡನೆಯದು ಅಸಲಿ. ಬೆಲೆ ಮೊದಲಿನದರ ಮೂರು ಪಟ್ಟು. ಐಪಿ67 ಅಂತ ಬೇರೆ ಇತ್ತು. ಒಂದು ಮೀಟರ್ ನೀರಲ್ಲಿ ಅರ್ಧ ಗಂಟೆ ಮುಳುಗಿದರೂ ಏನೂ ಆಗಲ್ಲ ಅನ್ನುವ ಲೆಕ್ಕ ಅದು. ಆ ಧೈರ್ಯದಲ್ಲಿ ಸವಾರಿ ಮುಗಿಸಿ ಬಂದವನೇ, ಬೆವರು ಒರೆಸದೆ ಚಾರ್ಜಿಗೆ ಹಾಕುತ್ತಿದ್ದೆ. ಆರೇಳು ತಿಂಗಳಿಗೆ ಚಾರ್ಜಿಂಗ್ ಪಿನ್ನಿನ ಸುತ್ತ ಹಸಿರು ಕಿಲುಬು ಹಿಡಿಯಿತು. ಐಪಿ ಪರೀಕ್ಷೆ ನಡೆಯೋದು ಬರೀ ನೀರಿನಲ್ಲಿ. ಉಪ್ಪು ಬೆವರಿಗೆ ಕರೆಂಟೂ ಸೇರಿದರೆ ಪಿನ್ ತಿಂದು ಹಾಕುತ್ತದೆ. ರಿಪೇರಿ ಆಗಲ್ಲ, ಹೊಸದು ತಗೊಳ್ಳಿ ಅಂದರು. ತಗೊಂಡೆ, ಇನ್ನೇನು ಮಾಡೋದು?

ಮೂರನೆಯದರಲ್ಲಿ ಯಂತ್ರ ಸರಿ ಇತ್ತು, ತಪ್ಪು ನನ್ನದು. ಕಿವಿ ತಮಟೆಯ ದಾರಿ ಬಿಟ್ಟು ಹೋಗುವ ಸದ್ದು, ಕಿವಿಗೇನು ಹಾನಿ ಅಂತ ನಂಬಿಕೊಂಡಿದ್ದೆ. ನೀವೂ ಕೇಳಿರುತ್ತೀರಿ ಅಲ್ವಾ? ದಾರಿ ಬೇರೆ ಇರಬಹುದು, ಸದ್ದು ಕೊನೆಗೆ ಬೀಳುವುದು ಒಳಗಿವಿಯ ಅದೇ ಕಾಕ್ಲಿಯಾದ ಮೇಲೆ, ಸದ್ದನ್ನು ಹಿಡಿಯುವ ಅದೇ ಕೂದಲು ಕೋಶಗಳ ಮೇಲೆ. ಅವು ಸತ್ತರೆ ಮತ್ತೆ ಹುಟ್ಟಲ್ಲ. ಕಿವಿ ತೆರೆದೇ ಇರುವುದರಿಂದ ಲಾರಿ ಸದ್ದು ಒಳಗೆ ಬರುತ್ತದೆ, ಹಾಡು ಮುಳುಗುತ್ತದೆ, ಕೈ ತಾನಾಗಿ ವಾಲ್ಯೂಮ್ ಗುಂಡಿಗೆ ಹೋಗುತ್ತದೆ. 16 ಮೆಟ್ಟಿಲಲ್ಲಿ 13, 14ರ ತನಕ ಏರಿಸಿಬಿಟ್ಟಿದ್ದೆ. ಒಂದು ರಾತ್ರಿ ದಿಂಬಿಗೆ ತಲೆ ಕೊಟ್ಟರೆ ಬಲಗಿವಿಯಲ್ಲಿ ಸಣ್ಣಗೆ ಗುಂಯ್ ಅಂತಿತ್ತು. ಎರಡು ದಿನ ಹೋಗಲಿಲ್ಲ. ನಿಜ ಹೇಳಬೇಕೆಂದರೆ ಹೆದರಿದೆ.

ಆಮೇಲೆ ಹಿಡಿದ ದಾರಿ ಇದು. ವಾಲ್ಯೂಮನ್ನು ರಸ್ತೆಯಲ್ಲಿ ಮುಟ್ಟುವುದೇ ಇಲ್ಲ. ಮನೆಯಲ್ಲಿ, ಫ್ಯಾನ್ ನಿಲ್ಲಿಸಿ, ಮಾತು ಆರಾಮಾಗಿ ಕೇಳುವಷ್ಟು ಇಡುತ್ತೇನೆ. ನನಗೆ ಅದು 6 ಅಥವಾ 7. ಅದರ ಮೇಲೆ ಒಂದೇ ಮೆಟ್ಟಿಲು ರಿಯಾಯಿತಿ. ದೊಡ್ಡ ರಸ್ತೆಗೆ ಬಂದು ಕೇಳಿಸದಿದ್ದರೆ ನಿಲ್ಲಿಸಿಬಿಡುವುದು. ಕೊನೆಗೆ ನಾನು ಬದಲಿಸಿದ್ದು ಹೆಡ್‌ಫೋನಲ್ಲ, ರಸ್ತೆ. ಒಳದಾರಿಯಲ್ಲಿ ಹತ್ತು ನಿಮಿಷ ಜಾಸ್ತಿ, ಆದರೆ 7ರಲ್ಲೇ ಎಲ್ಲ ಕೇಳುತ್ತದೆ. ಗುಂಯ್ ಮತ್ತೆ ಬಂದಿಲ್ಲ. ವಾರಕ್ಕೆ 80 ಡೆಸಿಬೆಲ್‌ನಲ್ಲಿ 40 ಗಂಟೆ ಮೀರಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 90 ಆದರೆ ನಾಲ್ಕೇ ಗಂಟೆ. ಆದರೆ ಫೋನ್ ತೋರಿಸುವ ಡೆಸಿಬೆಲ್ ಅಂಕಿಯನ್ನು ಇಲ್ಲಿ ನಂಬಬೇಡಿ. ಅದು ಗಾಳಿಯಲ್ಲಿ ಕೇಳುವ ಹೆಡ್‌ಫೋನಿನ ಲೆಕ್ಕ, ಮೂಳೆಯದಲ್ಲ.

ಕಿವಿಗೆ ಫೋಮ್ ಬೆಣೆ ಹಾಕಿಕೊಂಡು ಕೇಳುವವರು ಒಂದು ಮಾತು ಗಮನಿಸಿ. ರೈಲಿನಲ್ಲಿ ನಾನೂ ಹಾಗೆ ಮಾಡುತ್ತೇನೆ, ಮಾತು ಸ್ಫಟಿಕದ ಹಾಗೆ ಕೇಳುತ್ತದೆ. ಆದರೆ ಬೆಣೆ ಹಾಕಿದ ಕೂಡಲೇ ಕೆಳಸ್ವರಗಳು ಕಿವಿಯೊಳಗೇ ಸಿಕ್ಕಿಕೊಂಡು 10ರಿಂದ 20 ಡೆಸಿಬೆಲ್ ತನಕ ಏರಬಹುದು. ಅದಕ್ಕೇ ವಾಲ್ಯೂಮ್ ಮೊದಲು ಇಳಿಸಿ, ಬೆಣೆ ಆಮೇಲೆ. ನಾನು ಒಮ್ಮೆ ಉಲ್ಟಾ ಮಾಡಿ ಬೆಚ್ಚಿಬಿದ್ದಿದ್ದೇನೆ. ಸೈಕಲ್ ಮೇಲಂತೂ ಬೆಣೆ ಬೇಡವೇ ಬೇಡ.

ಇನ್ನೊಂದು ಪೆಟ್ಟು ತಿಂದದ್ದು ಫೋನ್ ಕರೆಯಲ್ಲಿ. ಕಿವಿ ತೆರೆದಿದ್ದರೇನು, ಗಮನ ಮಾತಿನ ಕಡೆ ಇತ್ತು. ತಿರುವಿನಲ್ಲಿ ನಡೆದು ಬಂದವರು ಕೂಗಿದ್ದು ಕೇಳಿಸಿತು, ತಲೆಗೆ ಹೋಗಲಿಲ್ಲ. ಬ್ರೇಕ್ ಹಿಡಿದು ನಾನೇ ಬಿದ್ದೆ, ಮೊಣಕೈ ತರಚಿತು. ಆವತ್ತಿನಿಂದ ಸವಾರಿಯಲ್ಲಿ ಕರೆ ತಗೊಳ್ಳಲ್ಲ.

ಕೂರಿಸುವ ಜಾಗದ ಬಗ್ಗೆ ಎರಡು ಮಾತು. ಸುಮ್ನೆ ಬಾಯಿ ಆಡಿಸಿ ನೋಡಿ. ಕಿವಿಯ ಮುಂದಿನ ಸಣ್ಣ ಗುಬುಟಿನ ಹತ್ತಿರ ದವಡೆ ಅಲ್ಲಾಡುತ್ತದಲ್ಲ, ಅದಕ್ಕಿಂತ ತುಸು ಮುಂದೆ, ಅಲ್ಲಾಡದ ಮೂಳೆಯ ಮೇಲೆ ಪ್ಯಾಡ್ ಕೂರಬೇಕು. ಮೊದಲು ಬ್ಯಾಂಡ್, ಆಮೇಲೆ ಕನ್ನಡಕ, ಕೊನೆಗೆ ಹೆಲ್ಮೆಟ್. ಬೇಸ್ ಬಂದಾಗ ಕೆನ್ನೆ ಕಚಗುಳಿ ಇಡುತ್ತದೆ ಅಂತ ಗೊಣಗುವವರು ಈಕ್ವಲೈಜರಿನಲ್ಲಿ 200 ಹರ್ಟ್ಸ್ ಕೆಳಗಿನದನ್ನು ಕತ್ತರಿಸಿ. ಮಾತಿಗೆ ಅದು ಬೇಕಾಗಿಯೂ ಇಲ್ಲ. ಮೇಲಿನ ಸ್ವರಗಳಲ್ಲಿ ನಾನು ಏನು ಏರಿಸಿದ್ದೇನೆ ಅನ್ನೋದು ಮಾತ್ರ ನನ್ನಲ್ಲೇ ಇರಲಿ. ಅದಕ್ಕೆ ಮೂರು ತಿಂಗಳು ತಲೆ ಕೆಡಿಸಿಕೊಂಡಿದ್ದೇನೆ.

ಮಧ್ಯೆ ಒಂದು ಹುಚ್ಚು ಪ್ರಯೋಗವನ್ನೂ ಮಾಡಿದೆ. 1932ರಲ್ಲಿ ಕಿವಿಯ ಬಗ್ಗೆ ಸಂಶೋಧನೆ ಮಾಡಿದ ವಿಜ್ಞಾನಿ ಬೆಕೆಶಿ, ಗಾಳಿಯಲ್ಲಿ ಬಂದ 400 ಹರ್ಟ್ಸ್ ಸ್ವರವನ್ನು ಮೂಳೆಯಲ್ಲಿ ಬಂದ ಅದೇ ಸ್ವರದಿಂದ ಅಳಿಸಿ ತೋರಿಸಿದ್ದರು. ಎರಡೂ ದಾರಿ ಒಳಗಿವಿಯಲ್ಲಿ ಒಂದೇ ಕಡೆ ಸೇರುತ್ತವೆ ಅನ್ನೋದಕ್ಕೆ ಅದು ಸಾಕ್ಷಿ. ನಾನೂ ಒಂದು ಫೋನಿನಿಂದ ಹೆಡ್‌ಫೋನಿಗೆ, ಇನ್ನೊಂದರ ಸ್ಪೀಕರಿನಿಂದ ಗಾಳಿಗೆ 400 ಬಿಟ್ಟು, ಸ್ಪೀಕರನ್ನು ಹಿಂದೆ ಮುಂದೆ ಸರಿಸಿದೆ. ಮಂಚದ ಕಾಲಿನ ಹತ್ತಿರ ಸ್ವರ ಸಣ್ಣಗಾಯ್ತು. ನಾನು ಕುಣಿದೆ. ಆಮೇಲೆ ಹೆಡ್‌ಫೋನ್ ತೆಗೆದರೂ ಅಲ್ಲಿ ಸಣ್ಣಗೇ ಇತ್ತು. ಗೋಡೆಯ ಮಾರ್ದನಿ! ಒಂದು ಭಾನುವಾರ ಪೂರ್ತಿ ಹೋಯ್ತು.

ಈಗ ಈಜುವಾಗ ಹಾಕುವ ಸೆಟ್ ಮೇಲೆ ಕಣ್ಣಿದೆ. ನೀರೊಳಗೆ ಬ್ಲೂಟೂತ್ ಕೆಲವು ಇಂಚಿಗಿಂತ ಮುಂದೆ ಹೋಗಲ್ಲ. ಹಾಡನ್ನು ಹೆಡ್‌ಫೋನಿನ ಹೊಟ್ಟೆಯಲ್ಲೇ ತುಂಬಿಕೊಳ್ಳಬೇಕು. ಕಿವಿಯಲ್ಲಿ ನೀರು ತುಂಬಿದಾಗ ವಾಲ್ಯೂಮ್ ಎಷ್ಟಿರಬೇಕು ಅಂತ ಮೊದಲು ಬಾತ್‌ರೂಮಿನ ಬಕೆಟ್ಟಿನಲ್ಲಿ ತಲೆ ಮುಳುಗಿಸಿ ನೋಡುವ ಯೋಚನೆ ಇದೆ. ಮನೆಯವರು ಬಕೆಟ್ ಬಚ್ಚಿಟ್ಟಿದ್ದಾರೆ.