ಲೆಡ್ಜರ್‌ನಿಂದ ಪರದೆಗೆ: ಗ್ರಂಥಾಲಯದ ಸಿಬ್ಬಂದಿ ಆನ್‌ಲೈನ್ ತಂತ್ರಾಂಶ ಕಲಿಯುವ ಬಗೆ

ಹತ್ತಿಪ್ಪತ್ತು ವರ್ಷ ಆಕ್ಸೆಷನ್ ರಿಜಿಸ್ಟರ್ (ಬಂದ ಪ್ರತಿ ಪುಸ್ತಕಕ್ಕೂ ಕ್ರಮಸಂಖ್ಯೆ ಕೊಟ್ಟು ದಾಖಲಿಸುವ ಲೆಡ್ಜರ್) ಬರೆದು, ಸೂಚಿ ಕಾರ್ಡು ಜೋಡಿಸಿ, ಪುಸ್ತಕದ ಬೆನ್ನಿಗೆ ಚೀಟಿ ಅಂಟಿಸಿ ಕೈ ಪಳಗಿಸಿಕೊಂಡವರ ಮುಂದೆ ಒಂದು ದಿನ ಕಂಪ್ಯೂಟರ್ ತಂದಿಟ್ಟು "ಇನ್ನು ಮೇಲೆ ಎಲ್ಲ ಆನ್‌ಲೈನ್" ಎಂದರೆ ಗಾಬರಿಯಾಗುವುದು ಸಹಜ. ಮಂಡ್ಯದಲ್ಲಿ ನಾನು ಕೆಲಸ ಮಾಡುವ ಗ್ರಂಥಾಲಯದಲ್ಲಿ ನನಗೂ ಹಾಗೆಯೇ ಆಗಿತ್ತು. ಎರಡು ದಿನದ ತರಬೇತಿಯಲ್ಲಿ ಎಲ್ಲಿ ಒತ್ತಿದರೆ ಏನು ತೆರೆಯುತ್ತದೆ ಎಂಬುದನ್ನು ಹೇಳಿಕೊಡುತ್ತಾರೆ, ಅದು ಒಂದು ವಾರದಲ್ಲಿ ಯಾರಿಗಾದರೂ ಬಂದೇ ಬರುತ್ತದೆ. ಕೆಲಸ ಕೆಡುವುದೆಲ್ಲ ನಾವು ಒಳಗೆ ತುಂಬಿಸುವ ಮಾಹಿತಿಯಲ್ಲಿ. ಆ ಭಾಗವನ್ನು ತರಬೇತಿಯಲ್ಲಿ ಯಾರೂ ಹೇಳಿಕೊಡದ ಕಾರಣ, ನಾನು ತಪ್ಪು ಮಾಡಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಯಾವ ತಂತ್ರಾಂಶ ಕಲಿಯಬೇಕು ಎಂಬ ಪ್ರಶ್ನೆಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ, ನಿಮ್ಮ ಗ್ರಂಥಾಲಯದಲ್ಲಿ ಯಾವುದನ್ನು ಹಾಕಿದ್ದಾರೋ ಅದನ್ನೇ ಕಲಿಯಿರಿ. ಸರ್ಕಾರಿ ಗ್ರಂಥಾಲಯಗಳಲ್ಲಿ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ಇ-ಗ್ರಂಥಾಲಯ ಇರಬಹುದು, ಕಾಲೇಜುಗಳಲ್ಲಿ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ರೂಪಿಸಿದ ಸೋಲ್ ಇರಬಹುದು, ಇಲ್ಲವೇ ಕೋಹಾ ಇರಬಹುದು. ಕೋಹಾ 1999ರಲ್ಲಿ ನ್ಯೂಜಿಲೆಂಡ್‌ನ ಒಂದು ಸಣ್ಣ ಪ್ರಾಂತ್ಯದ ಗ್ರಂಥಾಲಯಗಳಿಗಾಗಿ ಸಿದ್ಧವಾಗಿ 2000ದ ಜನವರಿಯಲ್ಲಿ ಬಳಕೆಗೆ ಬಂದ ತಂತ್ರಾಂಶ. ಮಾವೊರಿ ಭಾಷೆಯಲ್ಲಿ ಆ ಪದಕ್ಕೆ ಉಡುಗೊರೆ ಎಂಬ ಅರ್ಥವಿದೆ, ಹೆಸರಿಗೆ ತಕ್ಕಂತೆ ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ. ಪರದೆಯ ಬಣ್ಣ ಬೇರೆಬೇರೆಯಾಗಿ ಕಂಡರೂ ಪುಸ್ತಕದ ವಿವರ ದಾಖಲಿಸುವ ಕ್ರಮ ಎಲ್ಲದರಲ್ಲಿಯೂ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ, ಒಂದನ್ನು ಸರಿಯಾಗಿ ಕಲಿತವರಿಗೆ ಇನ್ನೊಂದು ಕಷ್ಟವಾಗುವುದಿಲ್ಲ.

ಮೊದಲ ಇಪ್ಪತ್ತು ಪುಸ್ತಕ

ಕಲಿಯುವಾಗ ಇಡೀ ಬೀರುವನ್ನು ಖಾಲಿ ಮಾಡಿ ಮೇಜಿನ ಮೇಲೆ ರಾಶಿ ಹಾಕಬೇಡಿ. ಇಪ್ಪತ್ತೇ ಇಪ್ಪತ್ತು ಪುಸ್ತಕ ಆರಿಸಿಕೊಳ್ಳಿ, ಆದರೆ ಅವು ಒಂದೇ ಬಗೆಯವಾಗಿರದಂತೆ ನೋಡಿಕೊಳ್ಳಿ. ಐಎಸ್‌ಬಿಎನ್ (ಪುಸ್ತಕದ ಅಂತರರಾಷ್ಟ್ರೀಯ ಗುರುತು ಸಂಖ್ಯೆ) ಇರುವುದೊಂದು, ಇಲ್ಲದ ಹಳೆಯದೊಂದು, ಎರಡು ಸಂಪುಟಗಳದ್ದು, ಅನುವಾದ, ಕಾವ್ಯನಾಮದಲ್ಲಿ ಬಂದದ್ದು, ನಾಲ್ಕೈದು ಪ್ರತಿಗಳಿರುವುದು, ಶೀರ್ಷಿಕೆ ಪುಟವೇ ಹರಿದುಹೋಗಿರುವ ದೇಣಿಗೆ ಪುಸ್ತಕ, ಹೀಗೆ. ನಿಮ್ಮನ್ನು ಮುಂದೆ ಕಾಡುವ ತೊಡಕುಗಳೆಲ್ಲ ಈ ಇಪ್ಪತ್ತರಲ್ಲಿಯೇ ಒಂದೊಂದು ಸಲ ಎದುರಾಗಿಬಿಡುತ್ತವೆ.

ಪರದೆಯ ಮೇಲೆ ಕಾಣುವ ಸಂಖ್ಯೆಗಳಿಗೆ ಹೆದರಬೇಕಾಗಿಲ್ಲ. 020 ಐಎಸ್‌ಬಿಎನ್‌ಗೆ, 082 ಪುಸ್ತಕಗಳನ್ನು ವಿಷಯವಾರು ಜೋಡಿಸುವ ಡ್ಯೂಯಿ ವರ್ಗ ಸಂಖ್ಯೆಗೆ, 100 ಲೇಖಕರಿಗೆ, 245 ಶೀರ್ಷಿಕೆಗೆ, 260 ಅಥವಾ 264 ಪ್ರಕಾಶನ ವಿವರಕ್ಕೆ, 300 ಪುಟಗಳಿಗೆ, 650 ವಿಷಯಕ್ಕೆ. ಇವು 1960ರ ದಶಕದಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಹುಟ್ಟಿದ, ಪುಸ್ತಕದ ವಿವರವನ್ನು ಯಂತ್ರ ಓದುವಂತೆ ದಾಖಲಿಸುವ ಮಾರ್ಕ್ ಎಂಬ ಪದ್ಧತಿಯ ಸಂಖ್ಯೆಗಳು. ಮೇಲೆ ಹೇಳಿದ ಏಳೆಂಟನ್ನು ಒಂದು ರಟ್ಟಿನ ಮೇಲೆ ಬರೆದು ಮಾನಿಟರಿನ ಪಕ್ಕ ಅಂಟಿಸಿಕೊಂಡರೆ ದಿನನಿತ್ಯದ ಬಹುಪಾಲು ಕೆಲಸ ನಡೆಯುತ್ತದೆ.

ಲೆಡ್ಜರ್‌ನಿಂದ ಬಂದವರು ಮನಸ್ಸಿನಲ್ಲಿ ತಿರುಗಿಸಿಕೊಳ್ಳಬೇಕಾದ ಸಂಗತಿ ಒಂದಿದೆ. ರಿಜಿಸ್ಟರಿನಲ್ಲಿ ಒಂದೇ ಪುಸ್ತಕದ ಐದು ಪ್ರತಿ ಬಂದರೆ ನಾವು ಐದು ಸಾಲು ಬರೆಯುತ್ತೇವೆ, ಐದು ಆಕ್ಸೆಷನ್ ನಂಬರ್ ಕೊಡುತ್ತೇವೆ. ತಂತ್ರಾಂಶದಲ್ಲಿ ಹಾಗಲ್ಲ: ಕೃತಿಯ ವಿವರಕ್ಕೆ ಒಂದೇ ದಾಖಲೆ, ಅದರ ಕೆಳಗೆ ಐದು ಪ್ರತಿಗಳು, ಪ್ರತಿಯೊಂದಕ್ಕೂ ತನ್ನದೇ ಬಾರ್‌ಕೋಡ್, ಬೆಲೆ, ಬಿಲ್ಲಿನ ವಿವರ. ಇದನ್ನು ತಿಳಿಯದೆ ಮೊದಲ ತಿಂಗಳು ನಾನು ಒಂದೊಂದು ಪ್ರತಿಗೂ ಒಂದೊಂದು ದಾಖಲೆ ಮಾಡಿಕೊಂಡು ಹೋದೆ. ಆಮೇಲೆ ಹುಡುಕಿದವರಿಗೆ ಒಂದೇ ಪುಸ್ತಕ ಐದು ಸಲ ಕಾಣುತ್ತಿತ್ತು, ನಾಲ್ಕರ ಮುಂದೆ 'ಹೊರಗಿದೆ' ಎಂದೂ ಐದನೆಯದರ ಮುಂದೆ 'ಲಭ್ಯ' ಎಂದೂ ಇರುತ್ತಿತ್ತು, ಮೊದಲನೆಯದನ್ನು ಮಾತ್ರ ನೋಡಿದವರು ಪುಸ್ತಕ ಇಲ್ಲವೆಂದು ಹೊರಟುಹೋಗುತ್ತಿದ್ದರು. ಆದ್ದರಿಂದ ಹೊಸ ದಾಖಲೆ ತೆರೆಯುವ ಮುನ್ನ ಶೀರ್ಷಿಕೆಯನ್ನೂ ಲೇಖಕರನ್ನೂ ಒಮ್ಮೆ ಹುಡುಕಿ ನೋಡಿ, ಇದ್ದರೆ ಪ್ರತಿಯನ್ನಷ್ಟೇ ಸೇರಿಸಿ. ಮುದ್ರಣ ಮಾತ್ರ ಹೊಸದು, ಪಠ್ಯ ಅದೇ ಎಂದಾದರೆ ಅದೇ ದಾಖಲೆ ಸಾಕು, ಪರಿಷ್ಕೃತ ಆವೃತ್ತಿಯಾದರೆ ಬೇರೆಯದು ಬೇಕು. ಬಾರ್‌ಕೋಡಿಗೆ ಹಳೆಯ ಆಕ್ಸೆಷನ್ ನಂಬರನ್ನೇ ಉಳಿಸಿಕೊಳ್ಳುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ವರ್ಷದ ಕೊನೆಯಲ್ಲಿ ದಾಸ್ತಾನು ಪರಿಶೀಲನೆಗೆ ಬಂದವರು ರಿಜಿಸ್ಟರನ್ನೇ ಕೈಯಲ್ಲಿ ಹಿಡಿದು ಕೂರುತ್ತಾರೆ.

ಬೇರೆ ಗ್ರಂಥಾಲಯದ ದಾಖಲೆಯನ್ನು ಎಳೆದುಕೊಳ್ಳುವ ಸೌಲಭ್ಯ ಕೋಹಾದಲ್ಲಿದೆ, ಐಎಸ್‌ಬಿಎನ್ ಕೊಟ್ಟರೆ ಇಂಗ್ಲಿಷ್ ಪುಸ್ತಕದ ವಿವರ ಕ್ಷಣದಲ್ಲಿ ಬಂದು ಕೂರುತ್ತದೆ. ಕನ್ನಡಕ್ಕೆ ಮಾತ್ರ ಎಚ್ಚರ ಬೇಕು. ಲೈಬ್ರರಿ ಆಫ್ ಕಾಂಗ್ರೆಸ್‌ನಿಂದ ಬರುವ ಕನ್ನಡ ಪುಸ್ತಕದ ವಿವರಗಳು ಮೇಲೆ ಕೆಳಗೆ ಚುಕ್ಕೆ, ಗೆರೆಗಳಿರುವ ರೋಮನ್ ಲಿಪಿಯಲ್ಲಿ ಸಾಮಾನ್ಯವಾಗಿ ಇರುತ್ತವೆ, ನಮ್ಮ ಓದುಗರು ಯಾರೂ ಹಾಗೆ ಟೈಪ್ ಮಾಡಿ ಹುಡುಕುವುದಿಲ್ಲ. ಅಂಥ ದಾಖಲೆ ತಂದುಕೊಂಡರೆ 245ರಲ್ಲಿ ಶೀರ್ಷಿಕೆಯನ್ನು ಕನ್ನಡದಲ್ಲಿ ಬರೆದು, ರೋಮನ್ ರೂಪವನ್ನು ಪರ್ಯಾಯ ಶೀರ್ಷಿಕೆಯ 246ಕ್ಕೆ ಸರಿಸಿ, ಲೇಖಕರ ಹೆಸರನ್ನೂ ಕನ್ನಡಕ್ಕೆ ತಿದ್ದಿಕೊಳ್ಳಿ.

ಒಂದು ಸೊನ್ನೆಯ ಕಥೆ

ಕನ್ನಡ ಟೈಪಿಂಗ್ ವಿಚಾರದಲ್ಲಿ ಮೊದಲು ಖಚಿತ ಮಾಡಿಕೊಳ್ಳಬೇಕಾದದ್ದು, ನೀವು ಟೈಪ್ ಮಾಡುತ್ತಿರುವುದು ಯೂನಿಕೋಡ್ (ಎಲ್ಲ ಕಂಪ್ಯೂಟರುಗಳೂ ಒಂದೇ ರೀತಿ ಓದುವ ಅಕ್ಷರ ಸಂಕೇತ) ಹೌದೋ ಅಲ್ಲವೋ ಎಂಬುದು. ನುಡಿ ತಂತ್ರಾಂಶದಲ್ಲಿ ಹಳೆಯ ಫಾಂಟಿನ ಆಯ್ಕೆಯೂ ಯೂನಿಕೋಡ್ ಆಯ್ಕೆಯೂ ಎರಡೂ ಇವೆ, ಕೀಲಿಮಣೆ ವಿನ್ಯಾಸ ಎರಡಕ್ಕೂ ಒಂದೇ ಆದ್ದರಿಂದ ಬೆರಳಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಟೈಪ್ ಮಾಡಿದ ಒಂದು ಪದವನ್ನು ಬ್ರೌಸರಿನ ಹುಡುಕು ಪಟ್ಟಿಗೆ ಅಂಟಿಸಿ ನೋಡಿ. ಕನ್ನಡವಾಗಿಯೇ ಉಳಿದರೆ ಸರಿ. ರೋಮನ್ ಅಕ್ಷರ, ಚಿಹ್ನೆಗಳ ಗೋಜಲಾಗಿ ಕಂಡರೆ ಅದು ಹಳೆಯ ಫಾಂಟಿನದು, ಪರಿವರ್ತಕದಲ್ಲಿ ಹಾಕಿ ಯೂನಿಕೋಡಿಗೆ ತಂದುಕೊಂಡ ಮೇಲಷ್ಟೇ ತಂತ್ರಾಂಶಕ್ಕೆ ಹಾಕಬೇಕು.

ಯೂನಿಕೋಡ್ ಆದಮೇಲೂ ನಾನು ಎಡವಿದ ಒಂದು ಜಾಗವಿದೆ. ನಮ್ಮಲ್ಲಿಗೆ ಬೆಳಿಗ್ಗೆ ಪತ್ರಿಕೆ ಓದಲು ಬರುವ ನಿವೃತ್ತ ಮೇಷ್ಟ್ರೊಬ್ಬರು ಒಂದು ದಿನ ಕೆ.ಎಸ್. ನರಸಿಂಹಸ್ವಾಮಿಯವರ ಕವನ ಸಂಕಲನ ಕೇಳಿದರು. ಕಿಕ್ಕೇರಿಯ ಕವಿ, ನಮ್ಮ ಜಿಲ್ಲೆಯವರು, ಅವರ ಪುಸ್ತಕ ಇಲ್ಲದಿರಲು ಸಾಧ್ಯವೇ ಎಂದು ಹುಡುಕಿದೆ. ಫಲಿತಾಂಶ ಸೊನ್ನೆ. ಮೇಷ್ಟ್ರು ಕನ್ನಡಕದ ಮೇಲಿಂದ ಬೀರುವಿನ ಕಡೆ ಬೆರಳು ತೋರಿಸಿ, "ಏನಪ್ಪಾ, ನಿನ್ನ ಕಂಪ್ಯೂಟರ್ ಇಲ್ಲ ಅಂತದೆ, ನನ್ನ ಕಣ್ಣಿಗೆ ಅಲ್ಲೇ ಕಾಣ್ತಾ ಐತಲ್ಲ" ಎಂದರು. ಪುಸ್ತಕ ಗಾಜಿನ ಹಿಂದೆ ಕೂತಿತ್ತು. ಬಾರ್‌ಕೋಡಿನಿಂದ ದಾಖಲೆ ತೆರೆದರೆ ಹೆಸರು ಸರಿಯಾಗಿಯೇ ಇತ್ತು, ಅಕ್ಷರ ಅಕ್ಷರ ನೋಡಿದರೂ ತಪ್ಪು ಕಾಣಲಿಲ್ಲ.

ಅರ್ಧ ದಿನ ಹೋದ ಮೇಲೆ ಗೊತ್ತಾಯಿತು. ಹೆಸರಿನಲ್ಲಿ 'ಸಿಂ' ಎಂಬಲ್ಲಿ ಅನುಸ್ವಾರದ ಬದಲು ಕನ್ನಡದ ಅಂಕಿ ಸೊನ್ನೆ ಕೂತಿತ್ತು: ಒಂದು 'ನರಸಿಂಹ', ಇನ್ನೊಂದು 'ನರಸಿ೦ಹ'. ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಬೇರೆ ಬೇರೆ ಸಂಕೇತ. ಆಮೇಲೆ ನೋಡಿದರೆ ಮಂಡ್ಯ, ಬೆಂಗಳೂರು, ಗ್ರಂಥ, ಸಂಪುಟ, ಎಲ್ಲೆಲ್ಲಿ ಅನುಸ್ವಾರವೋ ಅಲ್ಲೆಲ್ಲ ಇದೇ ಕಥೆ. ಮಾಡಿದವನು ನಾನೇ, ದೂರಲು ಬೇರೆ ಯಾರೂ ಇರಲಿಲ್ಲ.

ಇದನ್ನು ಸರಿಪಡಿಸುವುದು ಸುಲಭ, ಆದರೆ ಕ್ರಮ ತಪ್ಪಬಾರದು. ದಾಖಲೆಗಳನ್ನು ಸ್ಪ್ರೆಡ್‌ಶೀಟಿಗೆ ಇಳಿಸಿಕೊಂಡು, ಮೂಲ ಕಡತವನ್ನು ಮುಟ್ಟದೆ ಅದರ ಪ್ರತಿಯೊಂದರಲ್ಲಿ ಲೇಖಕ ಮತ್ತು ಶೀರ್ಷಿಕೆಯ ಕಾಲಂಗಳನ್ನು ಮಾತ್ರ ಆರಿಸಿಕೊಂಡು, ಹುಡುಕಿ ಬದಲಿಸುವ ಆಯ್ಕೆಯಲ್ಲಿ ತಪ್ಪು ಪದದಿಂದ ನಕಲು ಮಾಡಿದ ಸೊನ್ನೆಯನ್ನು ಮೇಲೆಯೂ ಸರಿಯಾದ ಅನುಸ್ವಾರವನ್ನು ಕೆಳಗೆಯೂ ಇಟ್ಟು ಬದಲಿಸಿ. ಇಡೀ ಹಾಳೆಗೆ ಒಟ್ಟಿಗೆ ಬದಲಿಸಿದರೆ, ಯಾರಾದರೂ ಇಸವಿಯನ್ನು ಕನ್ನಡ ಅಂಕಿಯಲ್ಲಿ ಬರೆದಿದ್ದ ಕಡೆ ೧೯೮೦ ಹೋಗಿ ೧೯೮ಂ ಆಗುತ್ತದೆ. ಅದಕ್ಕೇ ಇಸವಿ, ಪುಟ, ಬೆಲೆ ಎಲ್ಲವನ್ನೂ 1980 ಎಂಬಂತೆ ಬರೆಯುವುದೆಂದು ನಾವು ತೀರ್ಮಾನಿಸಿಕೊಂಡೆವು. ಕನ್ನಡ ಅಂಕಿಯ ಮೇಲಿನ ಅಭಿಮಾನವನ್ನು ನಾನು ಗೋಡೆಯ ಮೇಲಿನ ಫಲಕಗಳಲ್ಲಿ ತೀರಿಸಿಕೊಳ್ಳುತ್ತೇನೆ.

ಸ್ಪ್ರೆಡ್‌ಶೀಟ್ ಎಂದ ಮೇಲೆ ಇನ್ನೆರಡು ಮಾತು. ಸಿಎಸ್‌ವಿ ಕಡತವನ್ನು (ಕಾಲಂಗಳ ನಡುವೆ ಅಲ್ಪವಿರಾಮ ಹಾಕಿದ ಸಾದಾ ಪಠ್ಯ ಕಡತ) ಎರಡು ಸಲ ಒತ್ತಿ ನೇರವಾಗಿ ತೆರೆದರೆ ಎಕ್ಸೆಲ್‌ನಲ್ಲಿ ಕನ್ನಡ ಗೋಜಲಾಗಿ ಕಾಣಬಹುದು. ಅದನ್ನು ಹಾಗೆಯೇ ಉಳಿಸಿದರೆ ಮೂಲವೂ ಕೆಟ್ಟಂತೆ. ಖಾಲಿ ಹಾಳೆ ತೆರೆದು, ಡೇಟಾ ವಿಭಾಗದಿಂದ ಕಡತವನ್ನು ಒಳತಂದು, ಸಂಕೇತ ಪದ್ಧತಿ ಕೇಳಿದಾಗ ಯುಟಿಎಫ್-8 ಎಂದು ಆರಿಸಿ. ಐಎಸ್‌ಬಿಎನ್ ಕಾಲಂ ಅನ್ನು ಮೊದಲೇ ಟೆಕ್ಸ್ಟ್ ಎಂದು ಗುರುತಿಸಿ, ಇಲ್ಲವಾದರೆ 13 ಅಂಕಿಗಳ ಸಂಖ್ಯೆ 9.78E+12 ಎಂದು ಮೊಟಕಾಗಿ, ಸಿಎಸ್‌ವಿಯಾಗಿ ಉಳಿಸಿದಾಗ ಹಿಂದಿನ ಅಂಕಿಗಳೆಲ್ಲ ಹೋಗಿಬಿಡುತ್ತವೆ. ಸೊನ್ನೆಯಿಂದ ಶುರುವಾಗುವ ಆಕ್ಸೆಷನ್ ನಂಬರಿಗೂ ಇದೇ ಮದ್ದು.

ಒಬ್ಬರಿಗೆ ಒಂದೇ ಹೆಸರು

ಕನ್ನಡ ಸಾಹಿತ್ಯಕ್ಕೆ ಡ್ಯೂಯಿ ಪದ್ಧತಿಯಲ್ಲಿ 894.814, ಕಾವ್ಯಕ್ಕೆ ಅದರ ಮುಂದೆ 1, ಕಾದಂಬರಿಗೆ 3. ನಮ್ಮ ಬೀರುಗಳಲ್ಲಿ ಅರ್ಧದಷ್ಟು ಈ ಎರಡು ಸಂಖ್ಯೆಗಳ ಕೆಳಗೇ ಬರುವುದರಿಂದ, ಪುಸ್ತಕ ಪತ್ತೆಯಾಗುವುದು ಲೇಖಕರ ಹೆಸರಿನಿಂದ. ಆ ಹೆಸರು ಒಂದು ಕಡೆ ಕುವೆಂಪು, ಇನ್ನೊಂದು ಕಡೆ ಕೆ.ವಿ. ಪುಟ್ಟಪ್ಪ, ಮತ್ತೊಂದು ಕಡೆ ಪುಟ್ಟಪ್ಪ ಕೆ.ವಿ. ಎಂದಿದ್ದರೆ ಯಂತ್ರ ಮೂವರು ಲೇಖಕರಿದ್ದಾರೆಂದು ತಿಳಿಯುತ್ತದೆ. ಮೇಲುಕೋಟೆಯ ಪು.ತಿ. ನರಸಿಂಹಾಚಾರ್ ಅವರು ಪು.ತಿ.ನ. ಆಗುತ್ತಾರೆ, ಅನಸೂಯಾ ಶಂಕರ್ ಅವರು ತ್ರಿವೇಣಿ ಆಗುತ್ತಾರೆ. ಹಳೆಯ ಕಾರ್ಡಿನಲ್ಲಿ ನಾವು "ಪುಟ್ಟಪ್ಪ, ಕೆ.ವಿ. – ಕುವೆಂಪು ನೋಡಿ" ಎಂದು ಬರೆದಿಡುತ್ತಿದ್ದೆವಲ್ಲ, ಅದೇ ಕೆಲಸಕ್ಕೆ ಕೋಹಾದಲ್ಲಿ ಲೇಖಕರ ಅಧಿಕೃತ ನಾಮ ದಾಖಲೆ ಎಂಬ ಬೇರೆ ವಿಭಾಗವಿದೆ. ಅಲ್ಲಿ 100ರಲ್ಲಿ ಒಪ್ಪಿಕೊಂಡ ರೂಪವನ್ನೂ 400ರಲ್ಲಿ ಉಳಿದ ರೂಪಗಳನ್ನೂ ಬರೆದು, ಪುಸ್ತಕದ ದಾಖಲೆಯಲ್ಲಿ ಹೆಸರನ್ನು ಟೈಪ್ ಮಾಡದೆ ಅಲ್ಲಿಂದಲೇ ಆರಿಸಿಕೊಳ್ಳಿ. ಒಪ್ಪಿಕೊಳ್ಳುವ ರೂಪ ಯಾವುದಾಗಬೇಕು? ಓದುಗರ ಬಾಯಲ್ಲಿರುವುದು. ಓದುಗರ ಸಮಯ ಉಳಿಸಿ ಎಂದು ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ 1931ರಲ್ಲಿಯೇ ತಮ್ಮ ಐದು ಸೂತ್ರಗಳಲ್ಲಿ ನಾಲ್ಕನೆಯದಾಗಿ ಹೇಳಿದ್ದಾರೆ, ತ್ರಿವೇಣಿಯವರ ಕಾದಂಬರಿಯನ್ನು ಅನಸೂಯಾ ಎಂದು ಕೇಳಿದವರನ್ನು ನಾನಂತೂ ಕಂಡಿಲ್ಲ.

ಇನಿಷಿಯಲ್‌ಗಳ ನಡುವೆ ಜಾಗ ಬಿಡಬೇಕೋ ಬೇಡವೋ ಎಂಬ ಸಣ್ಣ ವಿಷಯವನ್ನೂ ಮೊದಲ ದಿನವೇ ನಿರ್ಧರಿಸಿ, ಅದೇ ರಟ್ಟಿನ ಮೇಲೆ ಬರೆದಿಡಿ. ಓದುಗರಿಗೆ ಹುಡುಕಲು ಹೇಳಿಕೊಡುವಾಗ ವಿಭಕ್ತಿ ಪ್ರತ್ಯಯ ಬಿಡಿಸಿ: 'ನರಸಿಂಹಸ್ವಾಮಿಯವರ' ಎಂದು ಹೊಡೆದರೆ ಸಿಗದೆ ಹೋಗಬಹುದು, 'ನರಸಿಂಹ' ಎಂದು ಬರೆದು ಕೊನೆಗೆ ನಕ್ಷತ್ರ ಚಿಹ್ನೆ ಹಾಕಿದರೆ ಸಿಗುತ್ತದೆ.

ಓದುಗರ ಫೋನು, ಓದುಗರ ಗುಟ್ಟು

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರು ಹುಡುಗಿಯರು ಡಿಜಿಟಲ್ ಪುಸ್ತಕ ಕೇಳಿಕೊಂಡು ಬರುತ್ತಾರೆ. ಐಐಟಿ ಖರಗ್‌ಪುರ ನಡೆಸುವ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯ ಮತ್ತು ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಕರ್ನಾಟಕ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯ, ಇವೆರಡರಲ್ಲಿ ನೀವೇ ಮೊದಲು ನೋಂದಾಯಿಸಿಕೊಂಡು ನಾಲ್ಕು ಪುಸ್ತಕ ತೆರೆದು ನೋಡಿರಿ, ಆಗ ಮಾತ್ರ ಹೇಳಿಕೊಡುವುದಕ್ಕೆ ಬಾಯಿ ಬರುತ್ತದೆ. ನೋಂದಣಿ ಮಾಡಿಸುವಾಗ ಫೋನು ಓದುಗರ ಕೈಯಲ್ಲಿಯೇ ಇರಲಿ, ಒಟಿಪಿಯನ್ನು ಅವರೇ ಟೈಪ್ ಮಾಡಲಿ. "ಸಾರ್, ನೀವೇ ಹಾಕ್ಬಿಡಿ" ಎಂದು ಮುಂದೆ ನೀಡಿದರೂ ತೆಗೆದುಕೊಳ್ಳಬೇಡಿ. ಅವರ ಪಾಸ್‌ವರ್ಡನ್ನು ನಿಮ್ಮ ಡೈರಿಯಲ್ಲಿ ಬರೆದಿಡುವುದು ಉಪಕಾರವೆಂದು ತೋರಿದರೂ ನಾಳೆ ತಲೆನೋವು. ಸಾರ್ವಜನಿಕ ಕಂಪ್ಯೂಟರಿನಲ್ಲಿ ಬ್ರೌಸರನ್ನು ಅತಿಥಿ ಖಾತೆಯಲ್ಲಿ ತೆರೆದುಕೊಟ್ಟರೆ, ಮುಚ್ಚಿದ ಕೂಡಲೇ ಲಾಗಿನ್ ಅಳಿಸಿಹೋಗುತ್ತದೆ. ಸದಸ್ಯರ ದಾಖಲೆಯ ಷರಾ ಜಾಗದಲ್ಲಿ ಆಧಾರ್ ಸಂಖ್ಯೆ ತುಂಬಿಸುವ ಅಭ್ಯಾಸ ಕೆಲವು ಕಡೆ ಇದೆ. ಪುಸ್ತಕ ಎರವಲು ಕೊಡಲು ಅದು ಪರದೆಯ ಮೇಲೆ ಇರಬೇಕಾದ ಅಗತ್ಯವೇ ಇಲ್ಲ.

ಕರೆಂಟು ಹೋದಾಗ

ಬ್ಯಾಕಪ್ ದಿನವೂ ಬೇಕು, ಒಂದು ಪ್ರತಿ ಗ್ರಂಥಾಲಯದ ಕಟ್ಟಡದ ಹೊರಗೆ ಇರಬೇಕು. ತಂತ್ರಾಂಶ ಇರುವ ಕಂಪ್ಯೂಟರಿನಲ್ಲಿಯೇ ಇನ್ನೊಂದು ಫೋಲ್ಡರಿನಲ್ಲಿ ಇಟ್ಟದ್ದು ಬ್ಯಾಕಪ್ ಅಲ್ಲ. ತಿಂಗಳಿಗೊಮ್ಮೆಯಾದರೂ ಅದನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆಸಿ, ಪುಸ್ತಕಗಳ ಒಟ್ಟು ಸಂಖ್ಯೆ ಸರಿಯಿದೆಯೇ ನೋಡಿ.

ಕರೆಂಟೋ ಇಂಟರ್‌ನೆಟ್ಟೋ ಹೋದಾಗ ಓದುಗರನ್ನು ಹಿಂದೆ ಕಳಿಸಬೇಡಿ. ಕೌಂಟರಿನಲ್ಲಿ ಒಂದು ಉದ್ದನೆಯ ನೋಟ್‌ಬುಕ್ ಇಟ್ಟುಕೊಂಡು ಸದಸ್ಯತ್ವ ಸಂಖ್ಯೆ, ಆಕ್ಸೆಷನ್ ನಂಬರ್, ಕೊಟ್ಟದ್ದೋ ಬಂದದ್ದೋ ಎಂಬುದು, ಗಂಟೆ, ನಿಮಿಷ ಇಷ್ಟನ್ನು ಸಾಲಾಗಿ ಬರೆಯಿರಿ. ಗಂಟೆ ನಿಮಿಷ ಯಾಕೆಂದರೆ, ಬೆಳಿಗ್ಗೆ ವಾಪಸು ಬಂದ ಪುಸ್ತಕವನ್ನೇ ಮಧ್ಯಾಹ್ನ ಇನ್ನೊಬ್ಬರು ಕೊಂಡೊಯ್ದಿರುತ್ತಾರೆ. ಕರೆಂಟು ಬಂದ ಮೇಲೆ ಮೊದಲು ಕೊಟ್ಟದ್ದನ್ನೆಲ್ಲ, ಆಮೇಲೆ ಬಂದದ್ದನ್ನೆಲ್ಲ ತುಂಬಿಸಿದರೆ, ಆ ಪುಸ್ತಕ ಹೊಸಬರ ಹೆಸರಿನಿಂದ ಕಳಚಿ ಬೀರುವಿನಲ್ಲಿದೆ ಎಂದು ದಾಖಲಾಗುತ್ತದೆ, ಅದು ಇರುವುದು ಮಾತ್ರ ಅವರ ಮನೆಯಲ್ಲಿ. ನೋಟ್‌ಬುಕ್ಕಿನಲ್ಲಿ ಬರೆದ ಕ್ರಮದಲ್ಲಿಯೇ ಒಂದೊಂದು ಸಾಲನ್ನು ತುಂಬಿಸಿ, ತುಂಬಿಸಿದ ಸಾಲಿಗೆ ಕೆಂಪು ಪೆನ್ನಿನಲ್ಲಿ ಗೆರೆ ಎಳೆಯುತ್ತಾ ಹೋಗಿ.